ಹಾಡು ಮುಗಿದ ಮೇಲೆ ಬಾಯಿ ಮುಚ್ಚಬಹುದು

ಹಲ್ಲಿನ ಡಾಕ್ಟರುಗಳು ಹೇಳುವ ಸುಳ್ಳುಗಳಲ್ಲೆಲ್ಲ ಹಳೆಯದು "ಆಯ್ತು, ಇನ್ನೇನು ಆಯ್ತು" ಎಂಬುದು. ಈ ಮಾತು ಕಿವಿಗೆ ಬೀಳುವ ಹೊತ್ತಿಗೆ ಏನೂ ಆಗಿರುವುದಿಲ್ಲ. ಆಗಬೇಕಾದದ್ದು ಆಗಷ್ಟೇ ಶುರುವಾಗಿರುತ್ತದೆ. ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಈ ಸುಳ್ಳನ್ನು ಮೊದಲು ಕೇಳಿದ್ದು ಫ್ರಾಕು ಹಾಕುವ ವಯಸ್ಸಿನಲ್ಲಿ. ಹುಳುಕು ಹಲ್ಲು ಕೀಳುತ್ತ ಮತ್ತೆ ಮತ್ತೆ "ಆಯ್ತು ಪುಟ್ಟಿ, ಆಯ್ತು" ಎಂದ ಡಾಕ್ಟರ ಬೆರಳನ್ನು ಅವಳು ಕಚ್ಚಿ ಹಿಡಿದಳಂತೆ. ಆತ "ಬಿಡೇ, ಬಿಡೇ" ಎಂದು ಕೂಗಿಕೊಂಡಾಗ ಹಲ್ಲುಸಂದಿಯಿಂದಲೇ "ಆಯ್ತು, ಇನ್ನೇನು ಆಯ್ತು" ಎಂದಳಂತೆ.

ಅವತ್ತೇ ಅವಳ ಕಸುಬು ಗಟ್ಟಿಯಾಯಿತು. ಮುಂದೆ ದಂತವೈದ್ಯ ಓದುತ್ತೇನೆ ಎಂದಾಗ ತಾತ ತಲೆ ಚಚ್ಚಿಕೊಂಡರು.

"ಹೆಣ್ಣುಮಗಳು ಕಂಡಕಂಡವರ ಬಾಯಿಗೆ ಕೈ ಹಾಕೋದೇನೇ?"

"ಕಂಡಕಂಡವರ ಬಾಯಿಗೆ ಬೀಳೋದಕ್ಕಿಂತ ಕೈ ಹಾಕೋದು ವಾಸಿ ಅಲ್ವೇನಪ್ಪಾ?"

ತಾತ ಸೋತರು. ನಮ್ಮ ಮನೆಯಲ್ಲಿ ದೊಡ್ಡಮ್ಮನ ಎದುರು ಗೆದ್ದವರು ಯಾರೂ ಇಲ್ಲ. ಸೋತು ಚೆನ್ನಾಗಿ ಬದುಕಿದವರು ಮಾತ್ರ ಇದ್ದಾರೆ.

ಓದು ಮುಗಿಸಿದ ಮೇಲೆ ಬಸ್ ಡಿಪೋದ ಎದುರು, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳಿಗೊಂದು ಕ್ಲಿನಿಕ್ಕು ಸಿಕ್ಕಿತು. ಕೆಳಗೆ ಕಾಲಿಗೆ, ಮೇಲೆ ಬಾಯಿಗೆ. ಮೊದಲು ಅಲ್ಲಿ ಒಬ್ಬ ಮುದುಕ ಡಾಕ್ಟರಿದ್ದರು. ಕೈ ನಡುಗಲು ಶುರುವಾದದ್ದೇ ಅಂಗಡಿ ಕಟ್ಟಿ ಹೊರಟವರು, ಸಾಮಾನನ್ನೆಲ್ಲ ಹಾಗೆಯೇ ಬಿಟ್ಟುಹೋದರು: ಕಾಲಲ್ಲಿ ಒತ್ತಿದರೆ ಏರುವ ಕಬ್ಬಿಣದ ಕುರ್ಚಿ, ಗಾಜಿನ ಬೀರು, ಮೂಲೆಯಲ್ಲಿ ಕೀ ಕೊಟ್ಟು ನುಡಿಸುವ ಒಂದು ಗ್ರಾಮೊಫೋನು, ಅದರ ಪಕ್ಕ ಮರದ ಪೆಟ್ಟಿಗೆಯ ತುಂಬ ಕಪ್ಪು ಪ್ಲೇಟುಗಳು. ಆ ಡಾಕ್ಟರು ಇಂಗ್ಲೆಂಡಿನಲ್ಲಿ ಓದುವಾಗ ಊಟ ಬಿಟ್ಟು ಕೊಂಡವಂತೆ. ಎಲ್ಲವೂ ಎರಡು ಮಹಾಯುದ್ಧಗಳ ನಡುವೆ ಲಂಡನ್ನಿನ ಹೋಟೆಲುಗಳಲ್ಲಿ ನುಡಿಸುತ್ತಿದ್ದ ಬ್ಯಾಂಡುಗಳ ಜಾಝ್.

ಹೊಸ ಡಾಕ್ಟರ ಬಳಿ ಯಾರೂ ಬಾರದ ಆ ಮೊದಲ ದಿನಗಳಲ್ಲಿ, ನೊಣ ಹೊಡೆಯುವುದಕ್ಕಿಂತ ಕೀ ಕೊಡುವುದು ಮೇಲು ಎಂದು ದೊಡ್ಡಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದಳು. ಮೊದಲು ಒಣ ಎಲೆಗಳ ಮೇಲೆ ಯಾರೋ ನಡೆದುಬಂದ ಹಾಗೆ ಸರಸರ ಸದ್ದು. ಆಮೇಲೆ ಬ್ಯಾಂಜೊ ಚಪ್ಪಲಿ ಬಡಿಯುತ್ತ ಒಳಗೆ ಬರುತ್ತದೆ. ಬಾಯಿಗೆ ಟೋಪಿ ಕವುಚಿಕೊಂಡ ಟ್ರಂಪೆಟ್ಟು ಮೂಗಿನಲ್ಲಿ ಮಾತಾಡುತ್ತದೆ. ಕ್ಲಾರಿನೆಟ್ಟು ಮಹಡಿ ಮೆಟ್ಟಿಲ ಕಟಾಂಜನದ ಮೇಲೆ ಕೂತು ಕೆಳಗಿನವರೆಗೂ ಜಾರುತ್ತದೆ. ಹಾಡುಗಾರನೋ, ಅರ್ಧ ಹಾಡು ಮುಗಿದ ಮೇಲೆ ತಡವಾಗಿ ಬಂದ ನೆಂಟ. ಒಂದೇ ಒಂದು ಚರಣ ಹಾಡಿ, ಕಾಫಿಯನ್ನೂ ಕುಡಿಯದೆ ಹೊರಟುಬಿಡುತ್ತಾನೆ.

ಅಮೆರಿಕದಲ್ಲಿ ಹುಟ್ಟಿದ ಜಾಝ್ ಅಂಗಿಯ ಗುಂಡಿ ಬಿಚ್ಚಿಕೊಂಡು ಬೆವರುತ್ತದೆ. ಇಂಗ್ಲಿಷರು ಅದಕ್ಕೆ ತಲೆ ಬಾಚಿ, ಟೈ ಕಟ್ಟಿ ಹೋಟೆಲಿನಲ್ಲಿ ಕೂರಿಸಿದರು. ಆದರೂ ಅದು ಮೇಜಿನ ಕೆಳಗೆ ಕಾಲು ಕುಣಿಸುವುದನ್ನು ಬಿಡಲಿಲ್ಲ. ದೊಡ್ಡಮ್ಮನಿಗೆ ಹಿಡಿಸಿದ್ದು ಆ ಮೇಜಿನ ಕೆಳಗಿನ ಕಾಲು.

ಇನ್ನೊಂದು ಸಂಗತಿಯೂ ಅವಳಿಗೆ ಹಿಡಿಸಿತು. ಪ್ಲೇಟಿನ ಒಂದೊಂದು ಮಗ್ಗುಲೂ ಸುಮಾರು ಮೂರು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಎಷ್ಟೇ ಕುಣಿದಿರಲಿ, ಎಷ್ಟೇ ಅತ್ತಿರಲಿ, ಮೂರು ನಿಮಿಷಕ್ಕೆ ಕೊನೆಯ ತಾಳ, ಟಪ್. ಮತ್ತೆ ಸರಸರ.

ಕೊನೆಗೂ ಒಬ್ಬ ರೋಗಿ ಬಂದ. ಎದುರಿನ ಡಿಪೋದ ಬಸ್ ಡ್ರೈವರು, ಆಗಿನ್ನೂ ಹುಡುಗಪ್ರಾಯ. ದವಡೆ ಊದಿತ್ತು. ಕುರ್ಚಿಯಲ್ಲಿ ಕೂತವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಇಂಜೆಕ್ಷನ್ ಕೊಡ್ತೀನಿ, ನೋಯಲ್ಲ."

"ನೋವಲ್ಲ ಡಾಕ್ಟ್ರೇ. ಎಷ್ಟೊತ್ತು ಅಂತ ಗೊತ್ತಾಗಲ್ವಲ್ಲ, ಅದು."

ದೊಡ್ಡಮ್ಮ ನನಗೆ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದಾಳೆ. ಪ್ರತಿ ಸಲವೂ ಈ ಜಾಗಕ್ಕೆ ಬಂದಾಗ ಒಂದೇ ಮಾತು ಹೇಳುತ್ತಾಳೆ: ಮೈ ಮರಗಟ್ಟಿಸಲು ಸೂಜಿ ಉಂಟು, ಭಯ ಮರಗಟ್ಟಿಸಲು ಸೂಜಿ ಇಲ್ಲ. ಅವತ್ತು ಅವಳು ಎದ್ದುಹೋಗಿ ಗ್ರಾಮೊಫೋನಿಗೆ ಕೀ ಕೊಟ್ಟಳು.

"ನೋಡಪ್ಪ, ಈ ಹಾಡು ಮುಗಿಯೋ ತನಕ ಬಾಯಿ ನಂದು. ಮುಗಿದ ತಕ್ಷಣ ನಿಂದು. ನನ್ನ ಕೆಲಸ ಅರ್ಧಕ್ಕೇ ನಿಂತಿರಲಿ, ಕೈ ತೆಗೀತೀನಿ. ನೀನು ಮುಚ್ಕೋಬಹುದು."

"ಮಾತಿಗೆ ತಪ್ಪಿದ್ರೆ?"

"ಕಚ್ಚು."

ಹೀಗೆ ಹುಟ್ಟಿದ ನಿಯಮ ಆಮೇಲೆ ಫಲಕವಾಗಿ ಗೋಡೆ ಹತ್ತಿತು: "ಹಾಡು ಮುಗಿದ ಮೇಲೆ ಬಾಯಿ ಮುಚ್ಚಬಹುದು." ಸಣ್ಣ ಫಿಲ್ಲಿಂಗಿಗೆ ಒಂದು ಮಗ್ಗುಲು, ದೊಡ್ಡ ಕೆಲಸಕ್ಕೆ ನಾಲ್ಕಾರು. ಮಗ್ಗುಲು ಮಗುಚುವ ನಡುವೆ ರೋಗಿ ಬಾಯಿ ಮುಕ್ಕಳಿಸಬಹುದು, ಉಗಿಯಬಹುದು, ಡಾಕ್ಟರನ್ನು ಬೈಯಬಹುದು. ಅವನು ತಲೆಯಾಡಿಸಿದ ಮೇಲೆಯೇ ಮುಂದಿನ ಹಾಡು.

ದೊಡ್ಡಮ್ಮನ ಕೈಗಳು ಬಾಯೊಳಗಿರುತ್ತಿದ್ದುದರಿಂದ ಕೀ ಕೊಡುವ ಕೆಲಸ ಸರದಿಯಲ್ಲಿ ಮುಂದೆ ಕೂತವರದ್ದು. ಒಳಗೆ ಬಂದು, ಕೀ ಕೊಟ್ಟು, ಹಳೆ ಮುಳ್ಳು ತೆಗೆದು ಹೊಸದು ಸಿಕ್ಕಿಸಿ, ತನಗೆ ಬೇಕಾದ ಪ್ಲೇಟು ಆರಿಸಿ ಹಚ್ಚಬೇಕು. ಈ ಪದ್ಧತಿಯಿಂದ ಊರಿನ ಅರ್ಧಕ್ಕರ್ಧ ಜನಕ್ಕೆ ಯಾವ ಪ್ಲೇಟು ಗಿಡ್ಡ, ಯಾವುದು ಉದ್ದ ಎಂಬುದು ಬಾಯಿಪಾಠವಾಯಿತು. ಬೇಕಾದವರು ಕುರ್ಚಿಯಲ್ಲಿದ್ದರೆ ಗಿಡ್ಡ, ಬೇಡದವರಿದ್ದರೆ ಉದ್ದ. ನೀರಿನ ಬಿಲ್ಲು ಬರೆಯುವವನಿಗೆ ಯಾವತ್ತೂ ಉದ್ದವೇ. ಕೀ ಸಾಲದಿದ್ದರೆ ಹಾಡು ಕೊನೆಯಲ್ಲಿ ಎಳೆದೆಳೆದು, ಹಾಡುಗಾರನಿಗೆ ನಿದ್ದೆ ಹತ್ತಿದಂತಾಗಿ, ಕುರ್ಚಿಯಲ್ಲಿದ್ದವನ ಪಾಡು ನಾಯಿಪಾಡಾಗುತ್ತಿತ್ತು. ಹಾಗಾಗಿ "ಅರ್ಧ ಕೀ ಕೊಡೋ ಜಾತಿ" ಎಂಬುದು ನಮ್ಮ ಬೀದಿಯಲ್ಲಿ ಬೈಗುಳವಾಗಿ ನಿಂತಿತು.

ನನ್ನದು ಸಿಹಿ ತಿಂದು ಕೆಟ್ಟ ಬಾಯಿ. ಹಾಗಾಗಿ ಬಾಲ್ಯವೆಲ್ಲ ಆ ಕುರ್ಚಿಯಲ್ಲೇ ಕಳೆಯಿತು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಇಂಥ ಸಂಗೀತ ನೇರ ನರಕಕ್ಕೆ ಒಯ್ಯುತ್ತದೆ ಎಂದು ಹೇಳಿಕೊಟ್ಟಿದ್ದರು. ಡ್ರಿಲ್ಲಿನ ಕೆಳಗೆ ಮಲಗಿ ಅದನ್ನು ಕೇಳಿದ ನನಗೆ ಅನುಮಾನ ಉಳಿಯಲಿಲ್ಲ.

ವಿರೋಧ ಇಲ್ಲದೆ ನಡೆದು ಬಂದದ್ದಲ್ಲ ಇದು. ಒಬ್ಬ ನಿವೃತ್ತ ಮೇಷ್ಟ್ರು ಬಾಯಿಗೆ ಹತ್ತಿ ಇಡಿಸಿಕೊಳ್ಳುವ ಮುಂಚೆ ಆಕ್ಷೇಪ ಎತ್ತಿದರು.

"ಏನಮ್ಮಾ, ಇನ್ನೂರು ವರ್ಷ ನಮ್ಮನ್ನ ಬಾರಿಸಿದವರ ಸಂಗೀತ ನಿಮಗೆ ಬೇಕಾ?"

"ಅದಕ್ಕೇ ಮೇಷ್ಟ್ರೇ, ಬೆಳಗ್ಗಿಂದ ಸಂಜೆ ತನಕ ಈಗ ನಾವು ಅವರನ್ನ ಬಾರಿಸ್ತಿರೋದು. ಆ ಅನ್ನಿ."

ಮೇಷ್ಟ್ರು ಆ ಅಂದರು. ಮುಂದಿನ ಸಲ ಅವರೇ ಸರದಿಯಲ್ಲಿ ಮುಂದೆ ಕೂತು, ಪೂರ್ತಿ ಕೀ ಕೊಟ್ಟರು.

ಸಂಜೆ ಕೊನೆಯ ರೋಗಿ ಹೋದ ಮೇಲೆ ದೊಡ್ಡಮ್ಮ ಬಾಗಿಲಿಗೆ ಚಿಲಕ ಹಾಕಿ, ತಾನೇ ರೋಗಿಯ ಕುರ್ಚಿಯಲ್ಲಿ ಒರಗಿ, ಚಪ್ಪಲಿ ಕಳಚಿ, ಒಂದು ಪ್ಲೇಟು ತನಗಾಗಿ ಹಚ್ಚುತ್ತಿದ್ದಳು. ಒಂದೇ, ಎರಡೂ ಮಗ್ಗುಲು. ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟು ಕೇಳುತ್ತಿದ್ದಳು. ಒಂದು ಪ್ಲೇಟಿನಲ್ಲಿ ಕ್ಲಾರಿನೆಟ್ಟಿಗಿಂತ ಮುಂಚೆ ಹಿಂದೆಲ್ಲೋ ಒಬ್ಬ ವಾದಕ ಸಣ್ಣಗೆ ಕೆಮ್ಮುತ್ತಾನೆ. ಆ ಕೆಮ್ಮು ಬಂದಾಗಲೆಲ್ಲ ಅವಳ ಮುಖ ಅರಳುತ್ತಿತ್ತು. "ಪಾಪ, ಅವತ್ತು ಅವನಿಗೆ ಗಂಟಲು ಸರಿ ಇರಲಿಲ್ಲ. ಆದ್ರೂ ಕೆಲಸಕ್ಕೆ ಬಂದಿದ್ದಾನೆ ನೋಡು" ಎನ್ನುತ್ತಿದ್ದಳು, ಹಿಂದಿನ ದಿನ ತಾನೇ ಕಷಾಯ ಕಾಸಿ ಕೊಟ್ಟವಳ ಹಾಗೆ.

ಇಷ್ಟಾಗಿ, ಕಳೆದ ವರ್ಷ ದೊಡ್ಡಮ್ಮನ ಮಗನಿಗೆ ಮದುವೆಯಾಗಿ ಸೊಸೆ ಬಂದಳು.

ಅವಳೂ ಹಲ್ಲಿನ ಡಾಕ್ಟರೇ. ಜಾಣೆ, ಕೈ ಹಗುರ, ಮಾತು ನೇರ. ಅತ್ತೆಯ ಮೇಲೆ ಅವಳಿಗೆ ಗೌರವವಿತ್ತು, ಅತ್ತೆಯ ಹಾಡಿನ ಪೆಟ್ಟಿಗೆಯ ಮೇಲೆ ಇರಲಿಲ್ಲ. ನಾನು ಅವಳ ಗಂಡನಿಗಿಂತ ದೊಡ್ಡವನಾದ್ದರಿಂದ ನನ್ನನ್ನು ಭಾವ ಎನ್ನುತ್ತಾಳೆ.

"ನೀವೇ ಹೇಳಿ ಭಾವ. ರೂಟ್ ಕೆನಾಲ್ ಮಾಡ್ತಾ ಇರ್ತೀನಿ, ನರದ ತುದಿ ಸಿಕ್ಕಿರತ್ತೆ. ಅಷ್ಟರಲ್ಲಿ ಟಪ್ ಅಂತ ಹಾಡು ಮುಗಿಯತ್ತೆ. ಕೈ ತೆಗೀಬೇಕಂತೆ. ಇದು ಕ್ಲಿನಿಕ್ಕಾ, ಸಂಗೀತ ಕುರ್ಚಿ ಆಟವಾ?"

ನಾನು ಎರಡೂ ಕಡೆಗೆ ಅನ್ವಯವಾಗುವಂತೆ ತಲೆಯಾಡಿಸಿದೆ. ಅವಳ ಗಂಡ, ಅಂದರೆ ನನ್ನ ತಮ್ಮ, ಮೇಲಿನ ದವಡೆ ಅಮ್ಮ, ಕೆಳಗಿನ ದವಡೆ ಹೆಂಡತಿ ಎಂದು ತಿಳಿದುಕೊಂಡು, ನಡುವೆ ನಾಲಿಗೆಯಂತೆ ಹುಷಾರಾಗಿ ಇದ್ದುಬಿಟ್ಟಿದ್ದ.

ಸೊಸೆ ಜಗಳ ಮಾಡಲಿಲ್ಲ, ಉಪಾಯ ಮಾಡಿದಳು. ಪ್ಲೇಟುಗಳನ್ನೆಲ್ಲ ಯಾರೋ ತಿಳಿದವರ ಹತ್ತಿರ ಒಯ್ದು, ಹಾಡುಗಳನ್ನು ಫೋನಿಗೆ ಇಳಿಸಿಕೊಂಡು, ಸರಸರ ಸದ್ದನ್ನೂ ಕೆಮ್ಮನ್ನೂ ಒರೆಸಿ ತೆಗೆಸಿ, ಗೋಡೆಗೊಂದು ಸ್ಪೀಕರು ತಗುಲಿಸಿದಳು. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ. ಬೆಳಗ್ಗೆ ಹಚ್ಚಿದರೆ ಸಂಜೆಯವರೆಗೆ ನಿಲ್ಲುವುದಿಲ್ಲ.

ದೊಡ್ಡಮ್ಮ ಕೇಳಿ ಮುಖ ಸಿಂಡರಿಸಿದಳು. "ಹಲ್ಲು ಕ್ಲೀನ್ ಮಾಡಮ್ಮ ಅಂದ್ರೆ ಹಲ್ಲನ್ನೇ ಕಿತ್ತು ತೋರಿಸ್ತಿದ್ದೀಯಲ್ಲೇ. ಆ ಕೆಮ್ಮೋನು ಎಲ್ಲಿ ಹೋದ?"

"ಅತ್ತೆ, ಹಾಡು ಅದೇ ತಾನೇ?"

"ಹಾಡು ಅದೇ. ಮುಗಿಯೋದು ಎಲ್ಲಿ? ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ಕೇಳಿದ್ದೆ, ಇವತ್ತು ಗೋಡೆ ಮೇಲೆ ನೋಡಿದೆ."

ಒಂದು ದಿನ ದೊಡ್ಡಮ್ಮ ಕಣ್ಣು ಪರೀಕ್ಷೆಗೆ ಹೋಗಿದ್ದಳು. ಕ್ಲಿನಿಕ್ಕು ಸೊಸೆಯದು. ಗ್ರಾಮೊಫೋನಿನ ಮೇಲೆ ಬಟ್ಟೆ ಹೊದಿಸಿತ್ತು. ಕುರ್ಚಿಯಲ್ಲಿ ಅದೇ ಬಸ್ ಡ್ರೈವರು, ಈಗ ತಲೆ ನರೆತು ನಿವೃತ್ತಿಯ ಅಂಚಿಗೆ ಬಂದವನು. ಸರದಿಯಲ್ಲಿ ಮುಂದೆ ನಾನು, ಕೀ ಕೊಡುವ ಕೆಲಸವಿಲ್ಲದೆ ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ಗೋಡೆಯ ಮೇಲೆ ಅವನಿಗೆ ಚೆನ್ನಾಗಿ ಗೊತ್ತಿದ್ದ ಹಾಡು ಬಂತು. ಅವನ ಪಾದ ತಾಳ ಹಾಕತೊಡಗಿತು. ಟ್ರಂಪೆಟ್ಟು ಬಂತು, ಹಾಡುಗಾರ ಬಂದ, ಹೋದ. ಕೊನೆಯ ತಾಳ, ಟಪ್. ಜೀವಮಾನದ ಅಭ್ಯಾಸದಂತೆ ಡ್ರೈವರಿನ ಬಾಯಿ ಮುಚ್ಚಿಕೊಂಡಿತು. ಒಳಗೆ ಸೊಸೆಯ ತೋರುಬೆರಳಿತ್ತು.

ಅವಳ ಕೂಗಿಗೆ ಕೆಳಗಿನ ಅಂಗಡಿಯಲ್ಲಿ ಚಪ್ಪಲಿ ಅಳತೆ ನೋಡುತ್ತಿದ್ದವರು ಬರಿಗಾಲಲ್ಲಿ ಮೇಲೆ ಓಡಿಬಂದರು. ಡ್ರೈವರು ಅಳುವುದೊಂದು ಬಾಕಿ.

"ನಾನು ಕಚ್ಚಲಿಲ್ಲ ಚಿಕ್ಕ ಡಾಕ್ಟ್ರೇ. ಸ್ಟಾಪ್ ಬಂತು, ನಿಲ್ಲಿಸ್ದೆ."

ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಸೊಸೆ ಆ ಸಂಜೆ ಅತ್ತೆಯ ಮುಂದೆ ಕೂತಳು. ಕೈಯಲ್ಲಿ ಕ್ಲಿನಿಕ್ಕಿನ ಹೊಸ ನಕ್ಷೆ. ಹೊಸ ಕುರ್ಚಿ ಬರುವುದೆಂದು ಮೊದಲೇ ಮಾತಾಗಿತ್ತು, ದೊಡ್ಡಮ್ಮನೂ ಒಪ್ಪಿದ್ದಳು. ನಕ್ಷೆಯಲ್ಲಿ ಗ್ರಾಮೊಫೋನಿನ ಮೂಲೆಗೆ ಕೈ ತೊಳೆಯುವ ಬೇಸಿನ್ನು ಬಂದು ಕೂತಿತ್ತು.

"ಕೋಪದಲ್ಲಿ ಹೇಳ್ತಿಲ್ಲ ಅತ್ತೆ. ಆ ಪೆಟ್ಟಿಗೆ ಮನೇಲಿ ಇರಲಿ, ನಾನೇ ಧೂಳು ಒರೆಸ್ತೀನಿ. ಕೆಲಸದ ಜಾಗದಲ್ಲಿ ಬೇಡ. ಹಲ್ಲಿಗೆ ಹಾಡು ಗೊತ್ತಾಗಲ್ಲ."

"ಹಲ್ಲಿಗೆ ಗೊತ್ತಾಗಲ್ಲ ಕಣೇ. ಹಲ್ಲಿನ ಯಜಮಾನನಿಗೆ ಗೊತ್ತಾಗತ್ತೆ."

"ಅವನಿಗೂ ಬೇಗ ಮುಗಿದ್ರೆ ಸಾಕು ಅಂತಲೇ ಇರತ್ತೆ. ಅರ್ಧ ಕೊರೆದು ಬಿಟ್ಟು ಹಾಡು ಬದಲಾಯಿಸ್ತಾ ಕೂತ್ರೆ ಯಾರಿಗೆ ಸುಖ? ನೀವು ಯಾವತ್ತಾದ್ರೂ ಆ ಕುರ್ಚೀಲಿ ಕೂತು ಕೊರೆಸ್ಕೊಂಡಿದ್ದೀರಾ? ಕೂತು ನೋಡಿ. ನೀವೇ 'ನಿಲ್ಲಿಸಬೇಡ, ಮುಗಿಸಿಬಿಡು' ಅಂತೀರಿ."

"ಅಂದ್ರೆ?"

"ಅಂದ್ರೆ ಪೆಟ್ಟಿಗೆ ಮನೆಗೆ."

"ಅನ್ನದಿದ್ರೆ?"

ಸೊಸೆ ನಕ್ಷೆಯ ಮೇಲೆ ಬೆರಳಾಡಿಸಿದಳು. "ಬೇಸಿನ್ ಬೇರೆ ಗೋಡೆಗೆ."

ದೊಡ್ಡಮ್ಮ ಬಾಯಿ ಅಗಲಿಸಿ, ಬೆರಳಿಂದ ಎಡದ ಹಿಂದಿನ ದವಡೆ ಹಲ್ಲು ತೋರಿಸಿದಳು. "ಎಷ್ಟೋ ದಿನದಿಂದ ನೋಯ್ತಿದೆ ಇದು. ಬೇರೆ ಡಾಕ್ಟ್ರ ಹತ್ರ ಹೋದ್ರೆ ಆಯ್ತು ಆಯ್ತು ಅಂತಾರೆ, ಹಾಗಾಗಿ ಹೋಗಿರಲಿಲ್ಲ. ನಾಳೆ ಬೆಳಗ್ಗೆ ನೀನೇ ಮಾಡು."

ಹಲ್ಲಿನ ಡಾಕ್ಟರ ಹಲ್ಲು ನೋವು ಎಂದರೆ ಬೀದಿಗೆಲ್ಲ ಸುದ್ದಿ. ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ಹಲ್ಲು ನೋವಿಲ್ಲದ ರೋಗಿಗಳು ಬಹಳ ಮಂದಿ ಕೂತಿದ್ದರು. ಡ್ರೈವರು ಎಲ್ಲರಿಗಿಂತ ಮುಂದೆ, ಪ್ರಾಯಶ್ಚಿತ್ತಕ್ಕೆ ಬಂದವನಂತೆ ತಲೆ ತಗ್ಗಿಸಿದ್ದ. ಸರದಿಯ ಮೊದಲ ಚೀಟಿ ಮಾತ್ರ ನನ್ನ ಕೈಯಲ್ಲಿತ್ತು. ಹಾಗಾಗಿ ಕೀ ನನ್ನದು.

ನಾನು ಗಿಡ್ಡ ಪ್ಲೇಟಿಗೆ ಕೈ ಹಾಕಿದೆ. ಕುರ್ಚಿಯಿಂದಲೇ ದೊಡ್ಡಮ್ಮ ಗದರಿದಳು. "ನನಗೇನು ದಾನ ಮಾಡ್ತೀಯೇನೋ? ಆ ಕೆಮ್ಮಿನದು ಹಾಕು."

ಸೊಸೆ ಇಂಜೆಕ್ಷನ್ನು ಕೊಟ್ಟಳು, ಕಾದಳು, ಮುಟ್ಟಿ ನೋಡಿದಳು. ತುಟಿಯೇನೋ ಮರಗಟ್ಟಿತು, ಆದರೆ ಬಹಳ ದಿನ ಕೀವು ಕಟ್ಟಿದ ಹಲ್ಲು ಸೂಜಿಯ ಮಾತು ಪೂರ್ತಿ ಕೇಳುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ನಾನು ಮುಳ್ಳು ಇಳಿಸಿದೆ.

ಸರಸರ. ಬ್ಯಾಂಜೊ. ಅದರ ಮೇಲೆ ಡ್ರಿಲ್ಲು. ಸೊಸೆಯ ಕೈ ನಿಜಕ್ಕೂ ಹಗುರ. ಮೊದಲ ಅರ್ಧ ಹಾಡು ದೊಡ್ಡಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೆಮ್ಮು ಬಂತು. ಹೊಟ್ಟೆಯ ಮೇಲಿದ್ದ ಅವಳ ಬೆರಳು ಮಾತ್ರ ಒಮ್ಮೆ ಎದ್ದು ಅವನಿಗೆ ನಮಸ್ಕಾರ ಹೇಳಿತು. ಹಾಡುಗಾರ ಬಂದು ಹೋದ. ಆಗ ಡ್ರಿಲ್ಲು ನರದ ಹತ್ತಿರ ತಲುಪಿರಬೇಕು. ಈಗ ಕುರ್ಚಿಯ ಕೈಗಳನ್ನು ಹಿಡಿದ ಅವಳ ಗೆಣ್ಣುಗಳು ಬಿಳಿಚಿದವು. ಎರಡೂ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ಸೊಸೆಯ ಹಣೆಯಲ್ಲಿ ಬೆವರು. ಅವಳು ಬೇಗ ಬೇಗ ಕೆಲಸ ಮಾಡುತ್ತಿದ್ದಳು. ನನಗೆ ಕಾಣುತ್ತಿತ್ತು, ಇನ್ನು ಸ್ವಲ್ಪವೇ ಸ್ವಲ್ಪ, ಆಮೇಲೆ ಎಲ್ಲರಿಗೂ ನೆಮ್ಮದಿ.

ಕ್ಲಾರಿನೆಟ್ಟು ಕೊನೆಯ ಮೆಟ್ಟಿಲಿಗೆ ಜಾರಿತು.

"ಆಯ್ತು ಅತ್ತೆ" ಎಂದಳು ಸೊಸೆ, ತನಗರಿವಿಲ್ಲದೆ. "ಇನ್ನೇನು ಆಯ್ತು."

ಟಪ್.

ದೊಡ್ಡಮ್ಮನ ಕೈ ಎದ್ದು ಸೊಸೆಯ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿತು. ಬಾಯಿ ಮುಚ್ಚಿತು.

ಪ್ಲೇಟಿನ ಕೊನೆಯಲ್ಲಿ ಮುಳ್ಳು ಸರಸರ ಎಂದು ಸುತ್ತುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಡ್ರೈವರು ತನ್ನ ಬಾಯಿಯನ್ನೂ ಮುಚ್ಚಿಕೊಂಡಿದ್ದ.

"ಅತ್ತೆ, ಬಾಯಿ ತೆಗೀರಿ. ಒಂದೇ ನಿಮಿಷದ ಕೆಲಸ ಇದೆ. ಹೀಗೆ ಬಿಟ್ರೆ ನೋವು ತಡೆಯೋಕಾಗಲ್ಲ ನಿಮಗೆ."

ದೊಡ್ಡಮ್ಮ ತಲೆಯಾಡಿಸಿದಳು, ಹೌದು, ತಡೆಯಲಾಗುವುದಿಲ್ಲ ಎಂಬಂತೆ. ಬಾಯಿ ತೆಗೆಯಲಿಲ್ಲ.

"ಮುಗಿಸಿಬಿಡ್ಲಾ? ಹೂಂ ಅನ್ನಿ ಸಾಕು."

ಹೂಂ ಬರಲಿಲ್ಲ. ಅವಳು ಅಳುತ್ತಿದ್ದಳು, ಸುಮ್ಮನೆ ಅಲ್ಲ, ಮೂಗು ಸೋರುವ ಹಾಗೆ. ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಹಟ ಸಾಕು. ಸೋತ್ರೂ ಪರವಾಗಿಲ್ಲ."

ಅವಳು ನನ್ನನ್ನು ನೋಡಿದ ನೋಟದಲ್ಲಿ ನಾನು ಮತ್ತೆ ಸಿಹಿ ಕದ್ದ ಹುಡುಗನಾದೆ. ನನ್ನ ಮೇಲಿಂದ ಕಣ್ಣು ತೆಗೆದು, ಸೊಸೆಯ ಮುಖವನ್ನೇ ದಿಟ್ಟಿಸಿ, ಬೆರಳೆತ್ತಿ ಗೋಡೆಯ ಫಲಕ ತೋರಿಸಿದಳು. ಆಮೇಲೆ ಗ್ರಾಮೊಫೋನು ತೋರಿಸಿದಳು. ಮುಚ್ಚಿದ ಬಾಯಿ ಅಷ್ಟು ಮಾತಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಾರೆ.

ಸೊಸೆ ಡ್ರಿಲ್ಲು ಕೆಳಗಿಟ್ಟಳು. ಈಗ ಅವಳು ನೋಡುತ್ತಿದ್ದುದು ಹಲ್ಲನ್ನಲ್ಲ. ಅಷ್ಟು ನೋವಿನಲ್ಲೂ ತನ್ನ ಬಾಯಿ ತನ್ನದೇ ಎಂದು ಹಿಡಿದು ಕೂತ ಮುದುಕಿಯನ್ನು. ನಾನು ಕೀ ಕೊಡಲು ಎದ್ದೆ.

"ಇರಿ ಭಾವ" ಎಂದಳು.

ಅವಳೇ ಕೈಗವಸು ಕಳಚಿದಳು. ಬ್ಯಾಂಡೇಜಿನ ಬೆರಳನ್ನು ಎತ್ತಿ ಹಿಡಿದುಕೊಂಡು, ಹಳೆ ಮುಳ್ಳು ತೆಗೆದು ಹೊಸದನ್ನು ಸಿಕ್ಕಿಸಿದಳು. ಪ್ಲೇಟನ್ನು ಅಂಚಿನಲ್ಲೇ ಹಿಡಿದು ಮಗುಚಿದಳು. ಯಾರಿಂದ ಕಲಿತಳೋ, ನೋಡಿ ನೋಡಿಯೇ ಕಲಿತಿರಬೇಕು. ಹಿಡಿಕೆ ತಿರುಗಿಸತೊಡಗಿದಳು. ಕೈ ನೋಯುತ್ತಿತ್ತೇನೋ, ಅರ್ಧಕ್ಕೆ ನಿಲ್ಲಿಸಿ ಅತ್ತೆಯ ಕಡೆ ನೋಡಿದಳು.

ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಾಯಿ ಮುಕ್ಕಳಿಸಿ ಉಗಿದಳು. ಮರಗಟ್ಟಿದ ತುಟಿಯಲ್ಲೂ ಮಾತು ಸ್ಪಷ್ಟವಾಗಿತ್ತು.

"ಪೂರ್ತಿ ಕೊಡು. ಕೊನೇಲಿ ಎಳೆಯತ್ತೆ."

ಸೊಸೆ ಪೂರ್ತಿ ಕೊಟ್ಟಳು. ಮತ್ತೆ ಕೈ ತೊಳೆದು, ಹೊಸ ಕೈಗವಸು ಹಾಕಿಕೊಂಡು ಬಂದು ಕೂತಳು. ಮುಳ್ಳು ಇಳಿಸುವುದನ್ನು ನನಗೆ ಬಿಟ್ಟಳು. ನಾನು ದೊಡ್ಡಮ್ಮನ ಕಡೆ ನೋಡಿದೆ. ಅವಳು ಅವಸರ ಮಾಡಲಿಲ್ಲ. ತಲೆಯನ್ನು ಕುರ್ಚಿಗೆ ಒರಗಿಸಿ ಸರಿಯಾಗಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಮ್ಮೆ ತಲೆಯಾಡಿಸಿ, ಬಾಯಿ ತೆರೆದಳು.